ಗಡಿ ದಾಟದ ಕರೆಂಟು

ವಿದ್ಯುತ್ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, "ಸರ್, ಈ ಸೋಲಾರು, ಗಾಳಿಯಂತ್ರ ಎಲ್ಲ ನಿಮ್ಮ ಕಾಲದಲ್ಲೇ ಶುರುವಾಯಿತಂತೆ, ಹೇಗಿತ್ತು?" ಎಂದು ಕೇಳುತ್ತಾರೆ. ದೇಶಸೇವೆಯ ಕಥೆ ಬರುತ್ತದೆ ಎಂದು ಮೊಬೈಲ್ ಪಕ್ಕಕ್ಕಿಟ್ಟು ಕಿವಿಗೊಡುತ್ತಾರೆ. ನಾನು ಅವರಿಗೆ ಹುಣಸೆಮರದ ಕಥೆ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಕೂಡ್ಲಿಗಿ ಕಡೆ ಇದ್ದೆ. ಗುಡೇಕೋಟೆಯ ಆಸುಪಾಸಿನ ಒಂದು ಹಳ್ಳಿಗೆ ಕೇಂದ್ರದ ಸಹಾಯಧನದಲ್ಲಿ ಸೋಲಾರ್ ಬೀದಿದೀಪ ಮಂಜೂರಾಯಿತು. ಖರ್ಚಿನ ಬಹುಪಾಲು ದಿಲ್ಲಿಯದು, ನೆಡುವ ಕೆಲಸ ನಮ್ಮದು. ಕಂಬ ಎಲ್ಲಿ ಬೇಕು ಎಂದು ಊರಿನವರನ್ನು ಕೇಳಿದೆ. ಒಕ್ಕೊರಲಿನಿಂದ ಹುಣಸೆಮರದ ಕಟ್ಟೆಯ ಹತ್ತಿರ ಎಂದರು. ಮರದ ಕೆಳಗೆ ನೆಟ್ಟರೆ ಫಲಕಕ್ಕೆ ಬಿಸಿಲು ಬೀಳುವುದಿಲ್ಲ, ಬಯಲಲ್ಲಿ ನೆಡೋಣ ಎಂದೆ. ಅಲ್ಲಿದ್ದ ಹಿರಿಯನೊಬ್ಬ ನನ್ನನ್ನು ಕರುಣೆಯಿಂದ ನೋಡಿದ.

"ಬಿಸಿಲಿರೋ ಕಡಿ ಯಾರು ಕುಂದುರ್ತಾರ ಸಾಹೇಬ್ರ? ಮಂದಿ ಕುಂದ್ರೋದು ನೆಳ್ಳಾಗ. ದೀಪ ಮಂದಿಗೋ, ಬಯಲಿಗೋ?"

ದೀಪ ಹುಣಸೆಮರದ ಕೆಳಗೇ ನಿಂತಿತು, ಒಂದು ರಾತ್ರಿಯೂ ಉರಿಯಲಿಲ್ಲ. ಬೆಂಗಳೂರಿನಿಂದ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಗಳು ಮಟಮಟ ಮಧ್ಯಾಹ್ನ ಬಂದರು. ಮಧ್ಯಾಹ್ನ ಬೀದಿದೀಪ ಉರಿಯುವುದಿಲ್ಲ ಎಂಬುದು ಅವರಿಗೂ ಗೊತ್ತು. ಕಂಬವನ್ನು ಒಂದು ಸುತ್ತು ಹಾಕಿ, ಗಟ್ಟಿಯಾಗಿ ನೆಟ್ಟಿದ್ದೀರಿ ಎಂದು ಮೆಚ್ಚಿ, ಎಳನೀರು ಕುಡಿದು ಹೋದರು. ಊರಿನವರು ಅದಕ್ಕೆ ಎಮ್ಮೆ ಕಟ್ಟತೊಡಗಿದರು, ಅಷ್ಟರ ಮಟ್ಟಿಗೆ ಯೋಜನೆ ಫಲ ಕೊಟ್ಟಿತು.

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಆ ಕಾಲದಲ್ಲಿ ಸರ್ಕಾರ ದುಡ್ಡು ಕೊಡುತ್ತಿದ್ದದ್ದು ನೆಡುವುದಕ್ಕೆ, ಉರಿಸುವುದಕ್ಕಲ್ಲ. ಇದೊಂದು ತಿಳಿದುಕೊಂಡರೆ ನನ್ನ ಅರ್ಧ ಸರ್ವೀಸು ಅರ್ಥವಾಯಿತು ಎಂದುಕೊಳ್ಳಿ. ಉಳಿದರ್ಧ ಅರ್ಥವಾಗಬೇಕಾದರೆ ಹರಪನಹಳ್ಳಿ ಕಡೆ ಬರಬೇಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನನ್ನು ಹರಪನಹಳ್ಳಿ ತಾಲ್ಲೂಕಿಗೆ ಶಾಖಾಧಿಕಾರಿಯಾಗಿ ಹಾಕಿದರು. ಅಷ್ಟೊತ್ತಿಗೆ ಅಲ್ಲಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳತೊಡಗಿದ್ದವು. ನೆಡಿಸುತ್ತಿದ್ದವರು ದೂರದ ಪಟ್ಟಣಗಳ ಬಟ್ಟೆ ಗಿರಣಿಯವರು, ಎಣ್ಣೆ ವ್ಯಾಪಾರಿಗಳು. ಅವರಿಗೆ ಗಾಳಿಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಗಾಳಿಯಂತ್ರ ಹಾಕಿದವನು ಅದರ ಬೆಲೆಯ ಬಹುಪಾಲನ್ನು ಮೊದಲ ವರ್ಷವೇ ಸವಕಳಿ ಎಂದು ಲೆಕ್ಕದಲ್ಲಿ ಕಳೆದು, ಅಷ್ಟು ಆದಾಯದ ಮೇಲೆ ತೆರಿಗೆ ಉಳಿಸಿಕೊಳ್ಳಬಹುದಿತ್ತು. ದೇಶದಲ್ಲಿ ಗಾಳಿ ವಿದ್ಯುತ್ ಬೆಳೆಯಲಿ ಎಂದು ದಿಲ್ಲಿಯವರು ಮಾಡಿದ ಉಪಕಾರ ಅದು. ಷರತ್ತು ಒಂದೇ: ಮಾರ್ಚ್ ತಿಂಗಳು ಮುಗಿಯುವುದರೊಳಗೆ ಯಂತ್ರ ಒಮ್ಮೆಯಾದರೂ ಓಡಿ ಕರೆಂಟು ಕೊಟ್ಟಿರಬೇಕು. ಎಷ್ಟು ಓಡಬೇಕು ಎಂದು ಯಾರೂ ಒತ್ತಿ ಕೇಳುತ್ತಿರಲಿಲ್ಲ.

ನಮ್ಮ ಗುಡ್ಡಗಳಲ್ಲಿ ಗಾಳಿ ಬೀಸುವುದು ಆಷಾಢದಲ್ಲಿ. ಗಾಳಿಯಂತ್ರಗಳು ಹುಟ್ಟುತ್ತಿದ್ದದ್ದು ಮಾರ್ಚ್ ಕೊನೆಯ ವಾರದಲ್ಲಿ, ಎಲೆ ಅಲ್ಲಾಡದ ಸೆಕೆಯಲ್ಲಿ. ಯಂತ್ರ ಓಡಿತು, ನಮ್ಮ ಲೈನಿಗೆ ಕರೆಂಟು ಕೊಟ್ಟಿತು ಎಂದು ಕಣ್ಣಾರೆ ಕಂಡು ಚಾಲನಾ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ನನ್ನ ಕೆಲಸ. ಪ್ರತಿ ಮಾರ್ಚ್ ಕೊನೆಗೆ ನಾನು ಯಾವುದಾದರೊಂದು ಗುಡ್ಡದ ಬುಡದಲ್ಲಿ ನಿಂತು ಆಕಾಶ ನೋಡುತ್ತಿರುತ್ತಿದ್ದೆ. ಪಕ್ಕದಲ್ಲಿ ಯಂತ್ರದ ಕಂಪನಿಯವರು ಮನೆದೇವರನ್ನು ನೆನೆಯುತ್ತಿರುತ್ತಿದ್ದರು.

ಹೀಗಿರುವಾಗ ನೀಲಗುಂದದ ಆಚೆ, ಗುಡ್ಡದ ಬುಡದ ಒಂದು ಊರಿನಲ್ಲಿ ಒಂಟಿ ಗಾಳಿಯಂತ್ರವೊಂದು ನಿಂತಿತು. ಊರಿನ ಹೆಸರು ಬೇಡ, ಅಲ್ಲಿಯವರು ಇನ್ನೂ ನನ್ನನ್ನು ಮಾತಾಡಿಸುತ್ತಾರೆ. ಯಂತ್ರ ನಿಂತದ್ದು ಕೊಟ್ರಮ್ಮ ಎಂಬ ಹೆಂಗಸಿನ ಹೊಲದಲ್ಲಿ. ನಲವತ್ತರ ಆಸುಪಾಸಿನವಳು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ನೆನಪು. ಗಂಡ ಇದ್ದ. ಇದ್ದ ಎನ್ನುವುದಕ್ಕಿಂತ ಹೆಚ್ಚಿನದನ್ನು ಅವನ ಬಗ್ಗೆ ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಆ ಹೊಲದಲ್ಲಿ ದುಡಿದವಳು ಇವಳೇ, ಕೊಡುವಾಗ ಮಾತಾಡಿದವಳೂ ಇವಳೇ. ಯಂತ್ರ ನಿಂತ ಮೇಲೆ ಅದನ್ನು ಕಾಯುವ ಕೆಲಸ ನನಗೆ ಕೊಡಬೇಕು ಎಂಬ ಮಾತಿನ ಮೇಲೆ ಹೊಲ ಬಿಟ್ಟುಕೊಟ್ಟಿದ್ದಳು. ಕಂಪನಿಯ ಮ್ಯಾನೇಜರ್ ಪ್ರಸಾದ್ ಎಂಬವರು ಆಗಲಿ ಎಂದಿದ್ದರು. ಅವಳು ಬುನಾದಿ ತೋಡಿದಂದಿನಿಂದ ಸಿಮೆಂಟು, ಕೇಬಲ್ಲು ಕಾಯುತ್ತ ಅಲ್ಲೇ ಕೂರತೊಡಗಿದಳು. ಪ್ರಸಾದ್ ಅದನ್ನೂ ಆಗಲಿ ಎಂದರು.

ಗೋಪುರ ಎದ್ದು ರೆಕ್ಕೆ ಕೂಡಿಸಿದ ಮೇಲೆ ಪ್ರಸಾದ್ ಮಾತು ಬದಲಾಯಿತು. ಹೆಡ್ ಆಫೀಸಿನವರು ಹೆಂಗಸರನ್ನು ವಾಚ್‌ಮನ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವಂತೆ, ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಗಂಡಸು ಬರುತ್ತಾನೆ ಎಂದರು. ಅವಳು ನನ್ನ ಹತ್ತಿರ ಬಂದಳು. ಅದು ಖಾಸಗಿ ಕಂಪನಿಯ ವಿಷಯ, ನಮ್ಮ ಇಲಾಖೆಗೆ ಬರುವುದಿಲ್ಲ ಎಂದೆ. ಅದು ನಿಜವೇ. ಆದರೂ ಹೇಳಿದ ಮೇಲೆ ಬಾಯಿ ಕಹಿಯಾಯಿತು.

"ಹೊಲ ಹೋತು, ಕೆಲಸಾನೂ ಹೋತು," ಅಂದಳು. "ಮಾತು ಕೊಟ್ಟಾವ ಚಲೋ ಅದಾನ."

ಆ ವರ್ಷ ಮಾರ್ಚ್ ಕೊನೆಯ ದಿನಕ್ಕೆ ಸರಿಯಾಗಿ ಆ ಊರಿನಲ್ಲಿ ಊರಮ್ಮನ ಹಬ್ಬದ ಚರಗ ಬಂತು. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆ ಕಡೆಯಿಂದ ಬಂದ ಹುಡುಗರಿಗೆ ಹೇಳುತ್ತೇನೆ. ಹಬ್ಬದ ಕೊನೆಗೆ ಬಲಿಯ ಅನ್ನವನ್ನು ಊರಿನ ಗಡಿಯುದ್ದಕ್ಕೂ ಚೆಲ್ಲಿ ಬರುವುದು ಚರಗ. ಅಂದು ಬೆಳಿಗ್ಗೆಯೇ ಗಡಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಮರುದಿನ ಬೆಳಗಾಗುವ ತನಕ ಊರಿನದು ಏನೂ ಗಡಿ ದಾಟಿ ಹೋಗುವಂತಿಲ್ಲ. ಹಾಲಿಲ್ಲ, ಹುಲ್ಲಿಲ್ಲ, ಸಗಣಿಯೂ ಇಲ್ಲ. ಹೋದರೆ ಅದರ ಹಿಂದೆ ಊರಿನ ಹುಲುಸು ಹೋಗುತ್ತದೆ. ಹುಲುಸು ಎಂದರೆ ಕಣದಲ್ಲಿ ರಾಶಿ ಅಳೆಯುವಾಗ ಅಳೆದಷ್ಟೂ ಮಿಗುವ ಸಮೃದ್ಧಿ. ಹೊರಗಿನಿಂದ ವಸ್ತು ಬಂದರೆ ಅಡ್ಡಿಯಿಲ್ಲ, ಅದು ಲಾಭ. ಹೊರಗಿನ ಮನುಷ್ಯ ಬರುವಂತಿಲ್ಲ, ಏಕೆಂದರೆ ಬಂದವನು ಹೋಗುತ್ತಾನೆ, ಹೋಗುವಾಗ ಬರಿಗೈಯಲ್ಲೇ ಹೋಗುತ್ತಾನೆಂದು ನಂಬುವುದು ಹೇಗೆ?

ನಾನು ಹಿಂದಿನ ಸಂಜೆಯೇ ಅರ್ಥಿಂಗ್ ಪರೀಕ್ಷೆಗೆಂದು ಹೋದವನು ಕೊನೆಯ ಬಸ್ಸು ತಪ್ಪಿ ಶಾಲೆಯ ಮೇಷ್ಟ್ರ ಮನೆಯಲ್ಲಿ ಉಳಿದಿದ್ದೆ. ಹೀಗಾಗಿ ಬೆಳಗಾಗುವ ಹೊತ್ತಿಗೆ ನಾನು ಗಡಿಯ ಒಳಗಿನವನಾಗಿದ್ದೆ. ಪ್ರಸಾದ್ ಮತ್ತು ಅವರ ಟೆಕ್ನೀಷಿಯನ್ನರು ಹರಪನಹಳ್ಳಿಯ ಲಾಡ್ಜಿನಲ್ಲಿ ಸುಖವಾಗಿ ಮಲಗಿ, ಇಡ್ಲಿ ತಿಂದು, ಜೀಪಿನಲ್ಲಿ ಬಂದರು. ಗಡಿಕಲ್ಲಿನ ಹತ್ತಿರ ಊರಿನ ಜನ ಬಡಿಗೆ ಹಿಡಿದು ಕುಳಿತಿದ್ದರು. ಹಬ್ಬದ ಹಿರೇತನ ವಹಿಸಿದ್ದ ಬಸಪ್ಪಜ್ಜ ನಡುವೆ ಕಂಬಳಿ ಹಾಸಿಕೊಂಡಿದ್ದ. ನನ್ನನ್ನೂ ಕರೆಸಿದರು.

"ಅಜ್ಜಾ, ಇವತ್ತು ಲಾಸ್ಟ್ ಡೇಟು. ನಾವು ಬಂದು ಯಂತ್ರ ಸ್ಟಾರ್ಟ್ ಮಾಡಲೇಬೇಕು," ಎಂದರು ಪ್ರಸಾದ್.

"ನಮಗೂ ಇವತ್ತ ಲಾಸ್ಟ್ ಡೇಟ್ ಐತ್ರಿ," ಎಂದ ಬಸಪ್ಪಜ್ಜ. "ನಾಳೆ ಬರ್ರಿ, ಊಟಕ್ಕ."

ಪ್ರಸಾದ್ ಪೊಲೀಸರ ಹೆಸರು ತೆಗೆದರು. ಪೊಲೀಸರೂ ಗಡಿಯ ಹೊರಗೇ ನಿಲ್ಲುತ್ತಾರೆ, ಠಾಣೆಯಲ್ಲಿರುವವನು ಪಕ್ಕದೂರಿನವನು, ಅವನಿಗೆ ಪದ್ಧತಿ ಗೊತ್ತು ಎಂದರು ಜನ. ಅಷ್ಟರಲ್ಲಿ ಬಸಪ್ಪಜ್ಜನಿಗೆ ಇನ್ನೊಂದು ವಿಚಾರ ಹೊಳೆಯಿತು. ಆ ವಿಚಾರ ಅವನಿಗೆ ಹೊಳೆಯದಿರಲಿ ಎಂದು ನಾನು ಬೆಳಿಗ್ಗೆಯಿಂದ ಹಾರೈಸುತ್ತಿದ್ದೆ.

"ಸಾಹೇಬ್ರ, ಆ ಯಂತ್ರ ತಿರುಗಿದ್ರ ಕರೆಂಟ್ ಎಲ್ಲಿಗೆ ಹೋಗತೈತಿ?"

"ಸಬ್‌ಸ್ಟೇಷನ್ನಿಗೆ," ಎಂದೆ.

"ಅದು ನಮ್ಮೂರಾಗಿಲ್ಲ."

"ಇಲ್ಲ."

"ಹಂಗಾರ ಗಡಿ ದಾಟಿ ಹೋಗತೈತಿ."

ಪ್ರಸಾದ್ ಆಚೆಯಿಂದ, ಗಾಳಿ ಯಾರಪ್ಪನದೂ ಅಲ್ಲ, ಅದು ಹೊರಗಿನಿಂದಲೇ ಬರುವುದು, ಹೊರಗಿನಿಂದ ಬಂದದ್ದು ಹೊರಗೆ ಹೋದರೆ ನಿಮಗೇನು ನಷ್ಟ ಎಂದು ವಾದಿಸಿದರು. ತೆರಿಗೆ ವಕೀಲರೂ ಮೆಚ್ಚುವ ವಾದ. ಬಸಪ್ಪಜ್ಜ ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಉತ್ತರ ಕೊಟ್ಟ.

"ಗಾಳಿ ನಮ್ಮದಲ್ಲ, ಬರತೈತಿ, ಹೋಗತೈತಿ. ನೀರೂ ಮ್ಯಾಲಿಂದ ಬರತೈತಿ. ಎಮ್ಮಿ ಅದನ್ನ ಕುಡುದು ಹಾಲು ಕೊಟ್ಟ ಮ್ಯಾಲ ಹಾಲು ಊರಿಂದು. ಇವತ್ತು ಹಾಲು ಬಿಡಂಗಿಲ್ಲ."

ಅಲ್ಲಿಗೆ ಆ ವಾದ ಮುಗಿಯಿತು. ನನ್ನ ಸರ್ವೀಸಿನಲ್ಲಿ ವಿದ್ಯುತ್ತಿನ ಬಗ್ಗೆ ಇಷ್ಟು ಸ್ವಚ್ಛವಾದ ವಿವರಣೆಯನ್ನು ಯಾವ ಸುತ್ತೋಲೆಯಲ್ಲೂ ಓದಿಲ್ಲ.

ಪ್ರಸಾದ್ ಮುಖ ಬಿಳುಪೇರಿತು. ಇಂದು ಓಡದಿದ್ದರೆ ಮಾಲೀಕರು ಯಂತ್ರ ಬೇಡವೆನ್ನುತ್ತಾರೆ, ಬಿಚ್ಚಿಕೊಂಡು ಬೇರೆಲ್ಲಿಗೋ ಒಯ್ಯಬೇಕಾಗುತ್ತದೆ ಎಂದರು. ಗುಂಪಿನ ಹಿಂದೆ ನಿಂತಿದ್ದ ಕೊಟ್ರಮ್ಮ ಇದನ್ನು ಕೇಳಿಸಿಕೊಂಡಳು. ಯಂತ್ರ ಹೋದರೆ ಅವಳಿಗೆ ಉಳಿಯುವುದು ಹೊಲದ ನಡುವಿನ ಕಾಂಕ್ರೀಟ್ ಗುಂಡಿ. ಅವಳು ಮುಂದೆ ಬಂದಳು. ಬಸಪ್ಪಜ್ಜನಿಗೆ ಏನೂ ಹೇಳಲಿಲ್ಲ, ನನ್ನನ್ನು ಕೇಳಿದಳು.

"ಸರ, ಕರೆಂಟ್ ಊರಾಗ ಖರ್ಚಾದ್ರ? ಹಾಲು ಮಾರಬಾರದು ಅಂದಾರ, ಕುಡೀಬಾರದು ಅಂದಿಲ್ಲ."

ಕೇಳಿದ ಮೇಲೆ ಇದು ನನಗೆ ಹೊಳೆಯಬೇಕಿತ್ತು ಅನ್ನಿಸಿತು. ಆ ಯಂತ್ರವನ್ನು ಊರಿಗೆ ಬರುವ ನಮ್ಮದೇ ಲೈನಿಗೆ ಜೋಡಿಸಿದ್ದೆವು. ಕರೆಂಟು ಹತ್ತಿರದಲ್ಲಿ ಯಾರು ಎಳೆಯುತ್ತಾರೋ ಅವರ ಕಡೆಗೇ ಮೊದಲು ಹರಿಯುತ್ತದೆ. ದನಗಳ ಕಲ್ಲುಬಾನಿಯೊಂದಕ್ಕೆ ಎರಡು ಕಡೆಯಿಂದ ನೀರು ಬೀಳುತ್ತಿದೆ, ದನಗಳು ಬಿಡದೆ ಕುಡಿಯುತ್ತಿವೆ ಎಂದುಕೊಳ್ಳಿ ಎಂದು ಬಸಪ್ಪಜ್ಜನಿಗೆ ಹೇಳಿದೆ. ಊರು ಎಳೆಯುವ ಕರೆಂಟು ಯಂತ್ರ ಕೊಡುವುದಕ್ಕಿಂತ ಹೆಚ್ಚಿದ್ದರೆ ಒಂದು ಹನಿಯೂ ಗಡಿ ದಾಟುವುದಿಲ್ಲ, ಇನ್ನೂ ಬೇಕೆಂದು ಹೊರಗಿನಿಂದಲೇ ಬರುತ್ತದೆ. ಈ ಸೆಕೆಯ ಗಾಳಿಗೆ ಯಂತ್ರ ಕೊಡುವುದು ಅಷ್ಟರಲ್ಲೇ ಇರುತ್ತದೆ ಎಂದೂ ಹೇಳಿದೆ. ಅವನು ಎರಡು ಸಲ ಹೇಳಿಸಿಕೊಂಡ. ಹೊರಗಿನಿಂದ ಬರುತ್ತದೆ ಎಂಬುದು ಅವನಿಗೆ ಹಿಡಿಸಿತು.

"ಎಲ್ಲಾರೂ ಮೋಟರ್ ಹಾಕ್ಲಿ. ಬೀಸೋ ಗಿರಣಿ ಮಾತ್ರ ಇಲ್ಲ, ಇವತ್ತು ಬೀಸಂಗಿಲ್ಲ," ಎಂದ. ಗಡಿಯ ಕಂಬದ ಕೆಳಗೆ ಕರೆಂಟು ದಾಟದಂತೆ ನೋಡಿಕೊಳ್ಳಲು ಬಡಿಗೆ ಸಮೇತ ಇಬ್ಬರನ್ನು ಕೂರಿಸಿದ.

ಇನ್ನು ಯಂತ್ರದ ಬಟನ್ ಒತ್ತುವವರು ಯಾರು? ನಾನು ಒತ್ತುವಂತಿಲ್ಲ. ನಾನು ನೋಡಿ ಸಹಿ ಹಾಕುವವನು, ಖಾಸಗಿಯವರ ಯಂತ್ರ ಮುಟ್ಟಿದರೆ ಸಹಿಗೆ ಬೆಲೆ ಇಲ್ಲ. ಕಂಪನಿಯವರೆಲ್ಲ ಗಡಿಯ ಆಚೆ. ಪ್ರಸಾದ್ ಕೊಟ್ರಮ್ಮನ ಕಡೆ ನೋಡಿ, ನಮ್ಮ ಟೆಕ್ನೀಷಿಯನ್ ಇಲ್ಲಿಂದಲೇ ಹೇಳಿಕೊಡುತ್ತಾನೆ, ಹೋಗಿ ಒತ್ತಮ್ಮ ಎಂದರು.

"ನಾ ಕಂಪನಿಯಾಕಿ ಅಲ್ರಿ," ಎಂದಳು ಕೊಟ್ರಮ್ಮ. "ಸಂಬಂಧಿಲ್ಲದಾಕಿ ಮುಟ್ಟಿದ್ರ ನಾಳೆ ನಿಮ್ಮ ಸಾಹೇಬ್ರು ಕೇಳತಾರ."

"ಕೆಲಸ ಕೊಡೋಣ. ಮೊದಲು ಒತ್ತು."

"ಬರದು ಕೊಡ್ರಿ."

ಪ್ರಸಾದ್ ನನ್ನ ಮುಖ ನೋಡಿದರು. ಕಂಪನಿಯ ಕಡೆಯವರೇ ಚಾಲನೆ ಕೊಡಬೇಕು ಎಂಬುದು ನಿಯಮ ಎಂದೆ. ನಿಯಮವನ್ನು ಇಷ್ಟು ಸಂತೋಷದಿಂದ ನಾನು ಮತ್ತೆಂದೂ ಹೇಳಿಲ್ಲ. ಅವರು ಜೀಪಿನ ಬಾನೆಟ್ಟಿನ ಮೇಲೆ ಕಂಪನಿಯ ಕಾಗದವಿಟ್ಟುಕೊಂಡು ಬರೆದರು. ಒಳಗೆ ಬರುವ ವಸ್ತುವಿಗೆ ಅಡ್ಡಿಯಿಲ್ಲವಾದ್ದರಿಂದ ಕಾಗದ ಒಂದು ಕಲ್ಲಿಗೆ ಸುತ್ತಿಕೊಂಡು ಗಡಿ ದಾಟಿ ಬಂತು. ಗಟ್ಟಿಯಾಗಿ ಓದಿದೆ. 'ತಾತ್ಕಾಲಿಕ' ಎಂದು ಬರೆದಿದ್ದರು. ತಾತ್ಕಾಲಿಕ ಅಂದ್ರ ಏನ್ರಿ ಎಂದು ಕೊಟ್ರಮ್ಮ ಕೇಳಿದಳು. ಹೇಳಿದೆ. ಬೇರೆ ಬರೀರಿ ಎಂದಳು. ಕಾಗದವನ್ನು ವಾಪಸ್ ಕೊಡಿ, ತಿದ್ದಿಕೊಡುತ್ತೇನೆ ಎಂದರು ಪ್ರಸಾದ್. ಬಂದದ್ದು ಮತ್ತೆ ಹೋಗುವಂತಿಲ್ಲ ಎಂದ ಬಸಪ್ಪಜ್ಜ. ಪ್ರಸಾದ್ ಇನ್ನೊಂದು ಕಾಗದ ತೆಗೆದು 'ಕಾಯಂ' ಎಂದು ಬರೆದರು. ಅದು ಎರಡನೆಯ ಕಲ್ಲಿಗೆ ಸುತ್ತಿಕೊಂಡು ಬಂತು.

ಎಲ್ಲ ಸಿದ್ಧವಾಯಿತು, ಗಾಳಿ ಮಾತ್ರ ಇರಲಿಲ್ಲ. ಟೆಕ್ನೀಷಿಯನ್ ಹೇಳಿಕೊಟ್ಟಂತೆ ಕೊಟ್ರಮ್ಮ ಬಟನ್ ಒತ್ತಿ, ಬ್ರೇಕ್ ಬಿಡಿಸಿ ಗೋಪುರದ ಬುಡದ ಮೆಟ್ಟಿಲ ಮೇಲೆ ಕುಳಿತಳು, ಸೆರಗಿನಲ್ಲಿ ಆ ಕಾಗದ. ಮಧ್ಯಾಹ್ನ ಹೋಯಿತು. ರೆಕ್ಕೆಗಳು ಚಿತ್ರದಲ್ಲಿರುವ ಹಾಗೆ ನಿಂತಿದ್ದವು. ಊರಿನ ಮೋಟರುಗಳೆಲ್ಲ ಓಡಿ ಓಡಿ ಬದುವಿನ ಮೇಲೆ ನೀರು ಹರಿಯತೊಡಗಿತು. ಕರೆಂಟು ಉಳಿಸಿ ಎಂದು ಜೀವಮಾನವೆಲ್ಲ ಹೇಳಿದ ನಾನು ಅಂದು ಮನೆ ಮನೆಗೆ ಹೋಗಿ ಲೈಟು ಹಾಕಿ ಎಂದು ಕೇಳಿಕೊಂಡೆ. ಮಾಲೀಕನ ತೆರಿಗೆ ಉಳಿದರೆಷ್ಟು, ಹೋದರೆಷ್ಟು, ನನಗೆ ಅದರ ಚಿಂತೆ ಇರಲಿಲ್ಲ. ಮೆಟ್ಟಿಲ ಮೇಲೆ ಕುಳಿತವಳನ್ನು ನೋಡಿ ಮಾತ್ರ ಸಂಕಟವಾಗುತ್ತಿತ್ತು. ಅಂದು ಬೆಳಗಿನ ಆ ಕಾಗದಕ್ಕೆ ಸಂಜೆಯೊಳಗೆ ಗಾಳಿ ಬಂದರೆ ಮಾತ್ರ ಬೆಲೆ.

"ಬರತೈತೇನ್ರಿ ಸರ?" ಎಂದು ಕೇಳಿದಳು.

"ಬರಬಹುದು," ಎಂದೆ. ಇಲಾಖೆಯಲ್ಲಿ ಕಲಿತ ಮಾತು.

ಹೊತ್ತು ಇಳಿಯುವಾಗ ಗುಡ್ಡದ ಮೇಲಿನ ಬಾದೆಹುಲ್ಲು ಅಲ್ಲಾಡಿತು. ಬಂದದ್ದು ದೊಡ್ಡ ಗಾಳಿಯಲ್ಲ, ಕಣದಲ್ಲಿ ಹೊಟ್ಟು ತೂರುವಷ್ಟು. ರೆಕ್ಕೆ ಮೊದಲು ಯೋಚಿಸಿತು, ಆಮೇಲೆ ನಿಧಾನವಾಗಿ ತಿರುಗಿತು. ಗೋಪುರದೊಳಗೆ ಸಂಪರ್ಕ ಕೂಡಿದ ಸದ್ದು ಕೇಳಿತು, ಮೀಟರಿನ ಅಂಕಿ ಒಂದು ಹೆಜ್ಜೆ ಸರಿಯಿತು. ಕೊಟ್ರಮ್ಮ ಎದ್ದು ನಿಂತು ಮೀಟರಿಗೆ ಕೈಮುಗಿದಳು. ನನ್ನ ಕಣ್ಣು ಒದ್ದೆಯಾಯಿತು, ಧೂಳು ಎಂದು ಹೇಳುವುದಕ್ಕೆ ಅಲ್ಲಿ ಕೇಳುವವರೂ ಯಾರೂ ಇರಲಿಲ್ಲ.

ಕಿರಾಣಿ ಅಂಗಡಿಯ ಫೋನಿನಿಂದ ಮೇಲಧಿಕಾರಿಗಳಿಗೆ ತಿಳಿಸಬೇಕಿತ್ತು. ಫೋನಿನ ತಂತಿಯಲ್ಲಿ ಮಾತು ಗಡಿ ದಾಟಬಹುದೇ ಎಂದು ಕೇಳಿದೆ. ಬಸಪ್ಪಜ್ಜ ಸ್ವಲ್ಪ ಯೋಚಿಸಿ, "ಮಾತಿನಾಗ ಏನು ಹುಲುಸು ಇರತೈತ್ರಿ, ಹೋಗ್ಲಿ ಬಿಡ್ರಿ," ಎಂದ. ಸಬ್‌ಸ್ಟೇಷನ್ನಿನ ಆಪರೇಟರ್ ನಿಮ್ಮ ಊರು ಇನ್ನೂ ಎಳೆಯುತ್ತಲೇ ಐತಿ ಸರ ಎಂದ. ಕಂಬದ ಕೆಳಗಿನ ಇಬ್ಬರೂ ಏನೂ ದಾಟಿಲ್ಲ ಎಂದು ವರದಿ ಕೊಟ್ಟರು. ಆದರೆ ನನ್ನ ಮೇಲಿನ ಇಂಜಿನಿಯರ್, ಎ.ಇ.ಇ. ಸಾಹೇಬರಿಗೆ ಅದೇ ತೊಡಕಾಯಿತು. ಅವರು ಕಾಗದ ಮುಂದಿಟ್ಟುಕೊಳ್ಳದೆ ಉಸಿರಾಡದ ಮನುಷ್ಯ.

"ಸಬ್‌ಸ್ಟೇಷನ್ನಿಗೆ ಒಂದು ಯೂನಿಟ್ಟೂ ಬಂದಿಲ್ಲ ಅಂತೀರಿ. ಹಾಗಾದರೆ ನಮಗೆ ಕೊಟ್ಟಿದ್ದೇನು?"

"ಊರಿನ ಟ್ರಾನ್ಸ್‌ಫಾರ್ಮರಿಗೆ ಬಂದಿದೆ ಸರ್."

"ಅದು ಯಾರದು?"

"ನಮ್ಮದೇ ಸರ್."

ಫೋನಿನಲ್ಲಿ ಕಾಗದ ಮಗುಚುವ ಸದ್ದು ಕೇಳಿಸಿತು. "ಹಾಗಾದರೆ ನಮಗೇ ಬಂತು. ಬರೆದುಬಿಡಿ," ಎಂದರು.

ಆ ದಿನದ ತಾರೀಖು ಹಾಕಿ ಬರೆದುಬಿಟ್ಟೆ. ಪ್ರಮಾಣಪತ್ರವೂ ಊರಿನೊಳಗೆ ಹುಟ್ಟಿದ್ದೇ ಆದ್ದರಿಂದ ಮರುದಿನ ಬೆಳಗಿನ ತನಕ ಗಡಿ ದಾಟಲಿಲ್ಲ. ಪ್ರಸಾದ್ ಜೀಪಿನಲ್ಲೇ ಮಲಗಿ, ಬೆಳಿಗ್ಗೆ ಒಳಗೆ ಬಂದು, ಊಟ ಮಾಡಿಕೊಂಡೇ ಹೋದರು.

ಮಾಲೀಕರು ಆ ವರ್ಷ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವರಿಗೆ ಸಿಗಬೇಕಾದ್ದು ಅಂದಿನ ಸಂಜೆಯ ಆ ಗಾಳಿಯಲ್ಲೇ ಸಿಕ್ಕಿತ್ತು. ಆ ದಶಕದ ಕೊನೆಗೆ ದಿಲ್ಲಿಯವರಿಗೂ ಬುದ್ಧಿ ಬಂತು. ನೆಟ್ಟದ್ದಕ್ಕಲ್ಲ, ಲೈನಿಗೆ ಕೊಟ್ಟ ಪ್ರತಿ ಯೂನಿಟ್ಟಿಗೆ ಇಷ್ಟು ಎಂದು ಪ್ರೋತ್ಸಾಹಧನ ಕೊಡುವ ಯೋಜನೆ ತಂದರು. ಹೂವಿನಹಡಗಲಿ ಕಡೆಯ ಗುಡ್ಡಗಳಲ್ಲೂ ಹೊಸ ಯಂತ್ರಗಳು ಬಂದವು. ಅವು ಒಂದು ಗಳಿಗೆ ನಿಂತರೂ ಎಲ್ಲಿಂದಲೋ ಫೋನು ಬರುತ್ತಿತ್ತು, ಹಿಂದೆಯೇ ಜೀಪು ಬರುತ್ತಿತ್ತು. ಹಳೆಯವಕ್ಕೆ ಈ ಯೋಜನೆ ಇಲ್ಲ. ಅವು ಒಮ್ಮೆ ಉಂಡು ಕೈತೊಳೆದುಕೊಂಡವು.

ಕೊಟ್ರಮ್ಮನ ಯಂತ್ರ ಒಂದು ಆಷಾಢದಲ್ಲಿ, ಬೀಸುವ ಗಾಳಿಯಲ್ಲೇ, ಗೇರು ಕೆಟ್ಟು ನಿಂತಿತು. ಯಾರೂ ಬರಲಿಲ್ಲ. ಅವಳು ಸಂತೆಯ ದಿನ ಬಸ್ಸಿನಲ್ಲಿ ಹರಪನಹಳ್ಳಿಗೆ ಬಂದು ನನ್ನ ಕಚೇರಿಯ ಬೆಂಚಿನ ಮೇಲೆ ಕೂರತೊಡಗಿದಳು. ಸೀರೆಯ ಮೇಲೆ ಕಂಪನಿಯ ಖಾಕಿ ಅಂಗಿ. ನಾನು ಕಂಪನಿಗೆ ಫೋನು ಮಾಡುವ ತನಕ ಏಳುತ್ತಿರಲಿಲ್ಲ. ಅವರು ನೋಡೋಣ ಎನ್ನುತ್ತಿದ್ದರು, ಇವಳು ಮುಂದಿನ ಸಂತೆಗೆ ಮತ್ತೆ ಬರುತ್ತಿದ್ದಳು. ಒಂದು ದಿನ ನನಗೇ ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎನ್ನಿಸಿತು.

"ಕೊಟ್ರಮ್ಮಾ, ಆ ಮಾಲೀಕರಿಗೆ ಬರೋದು ಅವತ್ತ ಬಂದೈತಿ. ಯಂತ್ರ ತಿರುಗಿದ್ರೂ ಅಷ್ಟ, ನಿಂತ್ರೂ ಅಷ್ಟ. ನಿನ್ನ ಪಗಾರ ನಿನಗ ತಪ್ಪಂಗಿಲ್ಲ. ಯಾಕ ಸುಮ್ಮನ ಬಸ್ಸಿಗೆ ರೊಕ್ಕ ಹಾಕಿ ಬರ್ತಿ?"

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಇಷ್ಟು ವರ್ಷವಾದರೂ ಇವರಿಗೆ ತಿಳಿಯಲಿಲ್ಲವಲ್ಲ ಎಂಬ ನೋಟ.

"ಹೊಲ ಕೊಟ್ಟೀನಿ ಸರ. ಅದರಾಗ ಏನಾರ ಬೆಳೀಬೇಕಲ್ಲ."

ನಾನು ಫೋನು ಹತ್ತಿರಕ್ಕೆ ಎಳೆದುಕೊಂಡು ಕಂಪನಿಯ ನಂಬರು ಒತ್ತಿದೆ. ಅವರು ಎತ್ತುವ ತನಕ ಇಬ್ಬರೂ ಕಾದೆವು.